ಕುತ್ತಿಗೆ, ಭುಜ ಬಿಗಿದು ನೋಯತ್ತೆ, ಆಪರೇಷನ್ ಇಲ್ದೇ ಸರಿ ಹೋಗತ್ತಾ?

ಪ್ರಶ್ನೆ: ನನಗೆ 43 ವರ್ಷ, ತುಮಕೂರು ಹತ್ರ ಇರೋದು. ಮನೇಲೇ ಟೈಲರಿಂಗ್ ಮಾಡ್ತೀನಿ, ಬ್ಲೌಸ್ ಜಾಸ್ತಿ, ಜೊತೆಗೆ ಸೀರೆಗೆ ಫಾಲ್, ಕುಚ್ಚು ಹಾಕ್ಕೊಡ್ತೀನಿ. ಒಂದೂವರೆ ವರ್ಷದಿಂದ ಕುತ್ತಿಗೆ ಹಿಂದೆ, ಬಲಭುಜದ ಮೇಲೆ, ರೆಕ್ಕೆ ಮೂಳೆ ಒಳಗಡೆ ಒಂದೇ ಸಮ ನೋವು. ಸಾಯಂಕಾಲ ಆದ್ರೆ ಅದೇ ತಲೆನೋವಿಗೆ ತಿರುಗತ್ತೆ. ರಾತ್ರಿ ಬಲಗೈ ಜೋಮು ಹಿಡಿಯತ್ತೆ. ಎಕ್ಸ್‌ರೇ ತೆಗೆಸಿದ್ವಿ, ಕುತ್ತಿಗೆ ಮೂಳೆ ಸವೆದಿದೆ, ನೆಟ್ಟಗಾಗಿದೆ ಅಂದ್ರು, ಬೆಲ್ಟ್ ಕೊಟ್ಟಿದಾರೆ. ಮಾತ್ರೆ ತಗೊಂಡ್ರೆ ನಾಲ್ಕು ದಿನ ಪರವಾಗಿಲ್ಲ, ಆಮೇಲೆ ಅದೇ ಕಥೆ. ಮುಂದೆ ಇದು ಆಪರೇಷನ್‌ಗೇ ಬರೋದು ಅಂತ ನಮ್ಮ ನಾದಿನಿ ಹೆದರಿಸ್ತಾರೆ. ಮೆಷಿನ್ ಬಿಟ್ಟುಬಿಡ್ಬೇಕಾ?

ಉತ್ತರ: ಮೆಷಿನ್ ಬಿಡ್ಬೇಡಿ. ಆಪರೇಷನ್ ಮಾತೂ ಸದ್ಯಕ್ಕೆ ಬೇಡ, ಯಾಕಂದ್ರೆ ಕುತ್ತಿಗೇಲಿ ಆಪರೇಷನ್ ಮಾಡೋದು ಒತ್ತಿಕೊಂಡಿರೋ ನರಾನೋ ಬೆನ್ನುಹುರೀನೋ ಬಿಡಿಸೋಕೆ, ಇಲ್ಲಾ ಅಲುಗಾಡ್ತಿರೋ ಮೂಳೆಗಳನ್ನ ನಿಲ್ಲಿಸೋಕೆ, ಬರೀ ಸ್ನಾಯು ಬಿಗಿತಕ್ಕೆ ಅಂತ ಯಾವ ಸರ್ಜನ್ನೂ ನಿಮ್ಮನ್ನ ಥಿಯೇಟರ್ ಒಳಗೆ ಕರ್ಕೊಂಡು ಹೋಗಲ್ಲ. ನೀವು ಬರೆದಿರೋ ನೋವಿನಲ್ಲಿ ಹೆಚ್ಚಿನದು ಸ್ನಾಯುವಿನದ್ದೇ ಅನ್ನಿಸ್ತಿದೆ. ನಾನು ಫಿಸಿಯೋಥೆರಪಿಸ್ಟ್, ನಿಮ್ಮನ್ನ ಮುಟ್ಟಿ ನೋಡಿಲ್ಲ, ಆ ಮಿತಿ ಇಟ್ಕೊಂಡೇ ಓದಿ. ರಾತ್ರಿ ಕೈ ಜೋಮು ಹಿಡಿಯೋದು ಬೇರೆ ಲೆಕ್ಕ ಇರಬಹುದು, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಆ ಎಕ್ಸ್‌ರೇ ಭಯ ಇಳಿಸ್ಕೊಳ್ಳಿ. ಮೂಳೆ ಸವೆದಿದೆ ಅನ್ನೋದು ಕಿವಿಗೆ ಬಿದ್ದಿದ್ದೇ ತಡ ಜನ ಕುತ್ತಿಗೆ ತಿರುಗಿಸೋದನ್ನೇ ನಿಲ್ಲಿಸಿಬಿಡ್ತಾರೆ, ಪಕ್ಕದಲ್ಲಿ ಕೂತವರನ್ನ ಮಾತಾಡಿಸೋಕೂ ಇಡೀ ಮೈ ತಿರುಗಿಸ್ತಾರೆ, ಹಾಗೆ ತಿಂಗಳುಗಟ್ಟಲೆ ಹಿಡ್ಕೊಂಡು ಓಡಾಡಿದ್ರೆ ನೋವಿಲ್ಲದವರಿಗೂ ನೋವು ಬರತ್ತೆ. ಜಪಾನ್‌ನಲ್ಲಿ ಕುತ್ತಿಗೆ ತೊಂದರೆ ಏನೂ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದ್ರು, 2015ರಲ್ಲಿ ಅದರ ವಿವರ ಬಂತು, ಅವರಲ್ಲಿ 87.6% ಜನಕ್ಕೆ ಎಲ್ಲೋ ಒಂದು ಕಡೆ ಡಿಸ್ಕ್, ಅಂದ್ರೆ ಮೂಳೆಗಳ ಮಧ್ಯದ ಮೆತ್ತೆ, ಉಬ್ಬಿತ್ತು. 20ರಿಂದ 30ರ ಒಳಗಿನ ಹುಡುಗ ಹುಡುಗೀರಲ್ಲೇ ಸುಮಾರು ಮುಕ್ಕಾಲು ಪಾಲು ಜನಕ್ಕೆ! ಇವರ್ಯಾರಿಗೂ ನೋವಿರಲಿಲ್ಲ. ಹಾಗಾಗಿ 43ನೇ ವಯಸ್ಸಲ್ಲಿ ಫಿಲಂ ಮೇಲೆ ಒಂಚೂರು ಸವೆತ ಕಂಡಿದ್ದಕ್ಕೂ ನಿಮ್ಮ ನೋವಿಗೂ ನೇರ ಸಂಬಂಧ ಇದೆ ಅಂತ ಹೇಳೋಕಾಗಲ್ಲ. ನೆಟ್ಟಗಾಗಿದೆ ಅಂದಿದ್ದೂ ಅಷ್ಟೇ, ಎಕ್ಸ್‌ರೇ ತೆಗೆಯುವಾಗ ಗದ್ದ ಒಂಚೂರು ಕೆಳಗಿದ್ರೆ ಸಾಕು, ಇಲ್ಲಾ ಆವತ್ತು ಕುತ್ತಿಗೆ ಬಿಗಿದಿದ್ರೆ ಸಾಕು, ಬಾಗು ಕಮ್ಮಿ ಕಾಣತ್ತೆ.

ಹಾಗಾದ್ರೆ ನೋವು ಎಲ್ಲಿಂದ? ಕುತ್ತಿಗೆ ಹಿಂದೆ ತಲೆಬುರುಡೆ ಬುಡದಿಂದ ಶುರುವಾಗಿ ಎರಡೂ ಭುಜದ ತುದಿವರೆಗೂ, ಕೆಳಗೆ ಬೆನ್ನಿನ ಮಧ್ಯದವರೆಗೂ ಹರಡಿಕೊಂಡಿರೋ ದೊಡ್ಡ ಸ್ನಾಯು ಒಂದಿದೆ, ಟ್ರಪೀಜಿಯಸ್ ಅಂತಾರೆ. ಅದರ ಅಡಿಯಲ್ಲಿ ಇನ್ನೊಂದು, ಲಿವೇಟರ್ ಸ್ಕ್ಯಾಪುಲೆ, ಕುತ್ತಿಗೆಯ ಮೇಲಿನ ನಾಲ್ಕು ಮೂಳೆಗಳಿಂದ ಇಳಿದು ರೆಕ್ಕೆ ಮೂಳೆಯ ಮೇಲಿನ ಒಳಮೂಲೆಗೆ ಅಂಟಿಕೊಂಡಿರತ್ತೆ. ಎಡಗೈಯನ್ನ ಬಲಭುಜದ ಮೇಲಿಂದ ಹಿಂದಕ್ಕೆ ಹಾಕಿ ಆ ಮೂಲೆ ಹುಡುಕಿ ಒತ್ತಿ ನೋಡಿ, ಅಲ್ಲೇ ಒಂದು ಗಂಟು ಸಿಗತ್ತೆ, ಒತ್ತಿದ್ರೆ "ಹಾ ಇದೇ" ಅಂತ ಬಾಯಿಂದ ತಾನಾಗೇ ಬರತ್ತೆ. ಇಂಥ ಗಂಟುಗಳಿಗೆ ಟ್ರಿಗರ್ ಪಾಯಿಂಟ್ ಅಂತ ಹೇಳ್ತಾರೆ. ಅಮೆರಿಕದ ಅಧ್ಯಕ್ಷ ಕೆನಡಿಗೆ ವೈದ್ಯರಾಗಿದ್ದ ಜಾನೆಟ್ ಟ್ರಾವೆಲ್ ಅನ್ನೋ ಡಾಕ್ಟರಮ್ಮ ಇದರ ಮೇಲೇ ವರ್ಷಾನುಗಟ್ಟಲೆ ಕೆಲಸ ಮಾಡಿ, ಎಲ್ಲಿ ಗಂಟಿದ್ರೆ ನೋವು ಎಲ್ಲಿಗೆ ಹರಿಯತ್ತೆ ಅಂತ ನಕ್ಷೆ ಬರೆದಿಟ್ರು. ಆ ಗಂಟು ಒಳಗೆ ನಿಜವಾಗಿ ಏನು ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಇದೆ, ಆದ್ರೆ ನೋವು ಹರಿಯೋ ದಾರಿ ಮಾತ್ರ ದಿನಾ ಕ್ಲಿನಿಕ್ಕಲ್ಲಿ ಕಾಣೋದೇ: ಭುಜದ ಮೇಲ್ಭಾಗದ ಟ್ರಪೀಜಿಯಸ್ ಒತ್ತಿದ್ರೆ ಕುತ್ತಿಗೆ ಪಕ್ಕದಿಂದ ಕಿವಿ ಹಿಂದಕ್ಕೆ, ಅಲ್ಲಿಂದ ಕಣತಲೆಗೆ ಹತ್ತತ್ತೆ. ನಿಮ್ಮ ಸಾಯಂಕಾಲದ ತಲೆನೋವು ಬಹುಶಃ ಇದೇ ದಾರೀಲಿ ಬರ್ತಿರೋದು.

ಈ ಸ್ನಾಯುಗಳಿಗೆ ಏನೂ ಹರಿದಿಲ್ಲ, ಮುರಿದಿಲ್ಲ. ಅವಕ್ಕೆ ಬಿಡುವು ಸಿಗ್ತಿಲ್ಲ, ಅಷ್ಟೇ. ತಲೆ ತೂಕ ನಾಲ್ಕೂವರೆ ಐದು ಕೆಜಿ, ಬಗ್ಗಿಸಿದಷ್ಟೂ ಹಿಂದಿನ ಸ್ನಾಯು ಎಳೆದು ಹಿಡ್ಕೊಂಡಿರ್ಬೇಕು. 60 ಡಿಗ್ರಿ ಬಗ್ಗಿದ್ರೆ ಕುತ್ತಿಗೆ ಮೇಲೆ 27 ಕೆಜಿ ಅಂತ ಒಂದು ಚಿತ್ರ ವಾಟ್ಸಾಪಲ್ಲಿ ಓಡಾಡತ್ತಲ್ಲ, ಅದು 2014ರಲ್ಲಿ ಅಮೆರಿಕದ ಸರ್ಜನ್ ಒಬ್ಬರು ಕಂಪ್ಯೂಟರ್ ಮಾಡೆಲ್ ಇಟ್ಕೊಂಡು ಹಾಕಿದ ಲೆಕ್ಕ, ನೋವಿರೋ ಜನರನ್ನ ನೋಡಿ ಹೇಳಿದ್ದಲ್ಲ, ಅದನ್ನ ನೋಡಿ ಬಗ್ಗೋದೇ ಪಾಪ ಅಂದ್ಕೋಬೇಡಿ. ಬಗ್ಗೋದ್ರಲ್ಲಿ ತಪ್ಪಿಲ್ಲ, ಬಗ್ಗಿದವರು ಎರಡು ಗಂಟೆ ಏಳದೇ ಇರೋದ್ರಲ್ಲಿ ತೊಂದರೆ. ಸ್ವೀಡನ್‌ನ ಹೆಗ್ ಅನ್ನೋ ಸಂಶೋಧಕರು 1991ರಲ್ಲಿ ಒಂದು ವಾದ ಮುಂದಿಟ್ರು, ನನಗೆ ಅದು ಒಪ್ಪಿಗೆ ಆಗತ್ತೆ. ಸ್ನಾಯು ಒಳಗೆ ಕೆಲವು ಸಣ್ಣ ಎಳೆಗಳಿರ್ತವೆ, ಹಗುರ ಕೆಲಸಕ್ಕೆ ಮೊದಲು ಎದ್ದು ನಿಲ್ಲೋದು ಅವೇ, ಕೆಲಸ ಮುಗಿಯೋವರೆಗೂ ಬಿಡದೇ ಹಿಡ್ಕೊಂಡಿರೋದೂ ಅವೇ, ಮನೇಲಿ ಎಲ್ರಿಗಿಂತ ಮೊದಲು ಎದ್ದು ಎಲ್ರೂ ಮಲಗಿದ ಮೇಲೆ ಮಲಗೋ ಸೊಸೆ ಇದ್ದ ಹಾಗೆ. ಭಾರ ಹೊರೋ ಕೆಲಸದಲ್ಲಾದ್ರೆ ಹೊತ್ತು, ಇಳಿಸಿ, ಉಸ್ಸಪ್ಪಾ ಅಂತ ನಿಲ್ತೀವಿ, ಕುಚ್ಚು ಕಟ್ಟುವಾಗ ಹಾಗಿಲ್ಲ, ಕೆಲಸ ಹಗುರ ಅನ್ಸತ್ತೆ, ಅದಕ್ಕೇ ಯಾರೂ ಇಳಿಸೋದೇ ಇಲ್ಲ. "ಕೂತು ಮಾಡೋ ಕೆಲಸ ತಾನೇ, ಇದಕ್ಕೇನು ನೋವು" ಅಂತ ಮನೆಯವರು ಅಂದ್ರೆ ಇದನ್ನ ಓದಿ ಹೇಳಿ.

ಈಗ ನಿಮ್ಮ ಕೆಲಸದ ಜಾಗಕ್ಕೆ ಬರೋಣ, ಅರ್ಧ ಔಷಧಿ ಅಲ್ಲೇ ಇದೆ. ಮೊದಲನೇ ಪ್ರಶ್ನೆ ಕುತ್ತಿಗೇದಲ್ಲ, ಕಣ್ಣಿಂದು. ನಿಮ್ಮ ವಯಸ್ಸಿಗೆ ಚಾಳೀಸು ಶುರುವಾಗಿರತ್ತೆ. ಸೂಜಿಗೆ ದಾರ ಪೋಣಿಸೋಕೆ ಮಗಳನ್ನೋ ಮಗನನ್ನೋ ಕರೀತಿದೀರಾ? ಚಾಳೀಸು ಬಂದವರು ಹತ್ತಿರದ್ದನ್ನ ದೂರ ಹಿಡಿದು ನೋಡ್ತಾರೆ, ಕೈಯಲ್ಲಿರೋ ಪೇಪರ್ ಆದ್ರೆ ಮುಂದಕ್ಕೆ ಚಾಚ್ತಾರೆ, ಆದ್ರೆ ತೊಡೆ ಮೇಲಿರೋ ಸೀರೆ ಸೆರಗನ್ನ ದೂರ ಮಾಡ್ಬೇಕು ಅಂದ್ರೆ ಮಂಡಿ ಕಡೆಗೆ ಜಾರಿಸ್ತಾರೆ, ಅದು ಕೆಳಗೆ ಹೋದಷ್ಟೂ ಕುತ್ತಿಗೆ ಇನ್ನಷ್ಟು ಬಗ್ಗತ್ತೆ. ಮೆಷಿನ್ ಮುಂದೆ ಕೂತಾಗ ಸೂಜಿ ಜಾಗ ಬಿಟ್ಟು ಅಲ್ಲಾಡಲ್ಲ, ಆಗ ಗದ್ದ ಮುಂದಕ್ಕೆ ತಳ್ಳಿ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾರೆ. ಡಬಲ್ ಗ್ಲಾಸ್ ಇರೋರ ಪಾಡು ಇನ್ನೊಂದು ಥರ, ಕೆಳಗಿನ ಗಾಜಲ್ಲಿ ನೋಡೋಕೆ ದಿನವೆಲ್ಲಾ ಗದ್ದ ಎತ್ತಿರ್ತಾರೆ. ಅದಕ್ಕೇ ಹೋಗಿ ಕಣ್ಣು ತೋರ್ಸಿ, ತೋರಿಸುವಾಗ ಸೂಜಿಗೂ ನಿಮ್ಮ ಕಣ್ಣಿಗೂ ಎಷ್ಟು ದೂರ ಇರತ್ತೆ ಅಂತ ಟೇಪಲ್ಲಿ ಅಳೆದು ಹೇಳಿ, ಟೇಪ್ ಅಂತೂ ಕುತ್ತಿಗೇಲೇ ನೇತಾಡ್ತಿರತ್ತೆ. ಆ ದೂರಕ್ಕೇ ಅಂತ ಒಂದು ಬೇರೆ ಕನ್ನಡಕ ಮಾಡಿಸ್ಕೊಂಡ್ರೆ ಹಣ ದಂಡ ಅಲ್ಲ. ಬೆಳಕೂ ನೋಡ್ಕೊಳ್ಳಿ. ಟ್ಯೂಬ್‌ಲೈಟ್ ಬೆನ್ನ ಹಿಂದಿನ ಗೋಡೆ ಮೇಲಿದ್ರೆ ನಿಮ್ಮ ತಲೆ ನೆರಳೇ ಬಟ್ಟೆ ಮೇಲೆ ಬೀಳತ್ತೆ, ಕಪ್ಪು ಬ್ಲೌಸಿಗೆ ಕಪ್ಪು ದಾರದಲ್ಲಿ ಹೆಮ್ಮಿಂಗ್ ಮಾಡೋ ರಾತ್ರಿ ಮಾರನೇ ದಿನ ತಲೆನೋವು ಬಂದಿತ್ತಾ ಇಲ್ವಾ ನೆನಪು ಮಾಡ್ಕೊಳ್ಳಿ. ಒಂದು ಎಲ್ಇಡಿ ಟೇಬಲ್ ಲ್ಯಾಂಪ್ ಎಡಗಡೆಯಿಂದ ಬೀಳೋ ಹಾಗೆ ಇಟ್ರೆ ಆಯ್ತು.

ಮೆಷಿನ್ ಮುಂದೆ ಕೂರೋವಾಗ ಬಹಳ ಜನ ಮೆಷಿನ್ನಿನ ಮಧ್ಯಕ್ಕೆ ಸರಿಯಾಗಿ ಕೂರ್ತಾರೆ. ಸೂಜಿ ಇರೋದು ಎಡತುದೀಲಿ. ಹಾಗಾಗಿ ದಿನವಿಡೀ ಮುಖ ಎಡಕ್ಕೆ ತಿರುಗಿರತ್ತೆ, ಬಲಗೈ ಚಕ್ರದ ಕಡೆ ಚಾಚಿರತ್ತೆ, ಬಲಭುಜ ಮೇಲಕ್ಕೆ ಎದ್ದಿರತ್ತೆ. ನಿಮಗೆ ಬಲಗಡೆಯೇ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ಮೂಗಿನ ನೇರಕ್ಕೆ ಸೂಜಿ ಬರೋ ಹಾಗೆ ಸ್ಟೂಲ್ ಎಡಕ್ಕೆ ಸರಿಸ್ಕೊಳ್ಳಿ, ಮೊದಲೆರಡು ದಿನ ವಿಚಿತ್ರ ಅನ್ಸತ್ತೆ. ಸ್ಟೂಲ್ ಬದಲು ಬೆನ್ನು ಒರಗೋ ಕುರ್ಚಿ, ಅದರ ಮೇಲೆ ಬೇಕಿದ್ರೆ ಗಟ್ಟಿ ದಿಂಬು ಹಾಕಿ ಸೊಂಟ ಮಂಡಿಗಿಂತ ಒಂಚೂರು ಮೇಲಿರೋ ಹಾಗೆ. ಕುರ್ಚೀನ ಮೆಷಿನ್ ಒಳಕ್ಕೆ ಎಳ್ಕೊಂಡು ಕೂರಿ, ತುದೀಲಿ ಕೂತು ಬಗ್ಗಬೇಡಿ. ಕಟಿಂಗ್ ನೆಲದ ಮೇಲೆ ಮಾಡ್ತಿದ್ರೆ ದಯವಿಟ್ಟು ಬಿಡಿ, ಅಡುಗೆಮನೆ ಕಟ್ಟೆ ಒರೆಸಿ ಅದರ ಮೇಲೆ ನಿಂತ್ಕೊಂಡು ಕತ್ತರಿಸಿ, ಬ್ಲೌಸ್ ಪೀಸಿಗೆ ಆ ಜಾಗ ಧಾರಾಳ ಸಾಕು.

ಕುಚ್ಚು ಇದೆಯಲ್ಲ, ನನ್ನ ಲೆಕ್ಕದಲ್ಲಿ ಇಡೀ ಟೈಲರಿಂಗಲ್ಲೇ ಕುತ್ತಿಗೆಗೆ ಅತಿ ಕೆಟ್ಟ ಕೆಲಸ ಅದೇ. ಮೆಷಿನ್ ಕೆಲಸದಲ್ಲಿ ಕೈಕಾಲು ಆಡ್ತಿರತ್ತೆ, ಬಟ್ಟೆ ತಿರುಗಿಸ್ತೀರ, ಎದ್ದು ಇಸ್ತ್ರಿ ಮಾಡ್ತೀರ. ಕುಚ್ಚಲ್ಲಿ ನೂರಾರು ಗಂಟು, ಮಣಿ, ಕ್ರೋಶ ಕಡ್ಡಿ, ಕಣ್ಣು ಒಂದೇ ಕಡೆ, ಬೆರಳು ಮಾತ್ರ ಆಡತ್ತೆ, ಕುತ್ತಿಗೆ ಭುಜ ಕಲ್ಲು. ಇದಕ್ಕೆ ಮಾಡ್ಬೇಕಾದ್ದು ಒಂದೇ, ಸೀರೇನ ಮೇಲಕ್ಕೆ ತರೋದು. ತೊಡೆ ಮೇಲೆ ಎರಡು ದಿಂಬು ಒಂದರ ಮೇಲೊಂದು ಹಾಕಿ, ಸೆರಗನ್ನ ಪಿನ್ನಲ್ಲಿ ಮೇಲಿನ ದಿಂಬಿಗೆ ಸಿಕ್ಕಿಸಿ, ಮೊಣಕೈಯಿಂದ ಮುಂಗೈವರೆಗೂ ದಿಂಬಿನ ಮೇಲೆ ಒರಗಿರ್ಲಿ. ಕೈ ತೂಕ ದಿಂಬು ಹೊತ್ಕೊಂಡ್ರೆ ಟ್ರಪೀಜಿಯಸ್‌ಗೆ ಆ ಕೆಲಸ ತಪ್ಪತ್ತೆ, ಬರೀ ಇದಿಷ್ಟಕ್ಕೇ ಸಾಯಂಕಾಲದ ನೋವು ಇಳಿದವರನ್ನ ನೋಡಿದೀನಿ. ಬೆನ್ನು ಗೋಡೆಗೆ ಒರಗಿಸಿ ಕೂರಿ. ಒಂದು ಸೀರೆ ಒಂದೇ ಸಲ ಕೂತು ಮುಗಿಸೋ ಹಟ ಬೇಡ, ಕುಚ್ಚು, ಹೆಮ್ಮಿಂಗ್, ಮೆಷಿನ್ ಮೂರನ್ನೂ ಬೆರೆಸಿ ಮಾಡಿ.

ಬಿಡುವಿಗೆ ಮೊಬೈಲಲ್ಲಿ ಅಲಾರಂ ಇಟ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ, ಯಾರೂ ಇಡಲ್ಲ, ಇಟ್ಟವರೂ ಆಫ್ ಮಾಡಿ ಮುಂದುವರಿಸ್ತಾರೆ. ನೀವು ಕೆಲಸದ ಒಳಗೇ ಗುರುತು ಇಟ್ಕೊಳ್ಳಿ. ಬಾಬಿನ್ ಖಾಲಿ ಆದಾಗ ಎದ್ದು ನಿಲ್ಲಿ, ನಿಂತ್ಕೊಂಡೇ ದಾರ ಸುತ್ತಿಸಿ. ಒಂದು ತೋಳು ಕೂಡಿಸಿದ ಮೇಲೆ ಕೈ ಎರಡೂ ಮೇಲೆತ್ತಿ ಆಕಳಿಸಿ. ಅರ್ಧ ನಿಮಿಷ ಸಾಕು, ಭುಜ ಕಿವಿವರೆಗೆ ಎತ್ತಿ ದಪ್ ಅಂತ ಬಿಡಿ, ಕುತ್ತಿಗೆ ಎಡಕ್ಕೆ ಬಲಕ್ಕೆ ತಿರುಗಿಸಿ, ನಾಲ್ಕು ಹೆಜ್ಜೆ ಓಡಾಡಿ.

ಇನ್ನು ವ್ಯಾಯಾಮ. ಇಲ್ಲಿ ನಾನು ಒಂಚೂರು ಒತ್ತಿ ಹೇಳ್ತೀನಿ, ಯಾಕಂದ್ರೆ ಕುತ್ತಿಗೆ ನೋವು ಅಂದ ತಕ್ಷಣ ಜನ ಮಾಡೋದು ಬರೀ ಎಳೆಯೋ ವ್ಯಾಯಾಮ, ಕುತ್ತಿಗೆ ಸುತ್ತಿಸೋದು, ಪಕ್ಕಕ್ಕೆ ಬಾಗಿಸೋದು. ಅದು ಹಿತ, ತಪ್ಪಲ್ಲ, ಆದ್ರೆ ಬಿಡುವಿಲ್ಲದೆ ಸೋತಿರೋ ಸ್ನಾಯುಗೆ ಬೇಕಾಗಿರೋದು ಶಕ್ತಿ. ಫಿನ್ಲೆಂಡಿನಲ್ಲಿ ವರ್ಷಾನುಗಟ್ಟಲೆ ಕುತ್ತಿಗೆ ನೋವಿದ್ದ 180 ಆಫೀಸ್ ಹೆಂಗಸರನ್ನ ಮೂರು ಗುಂಪು ಮಾಡಿ ಒಂದು ವರ್ಷ ನೋಡಿದ್ರು, 2003ರಲ್ಲಿ ಬಂತು ಅದು. ಕುತ್ತಿಗೆ ಭುಜಕ್ಕೆ ಶಕ್ತಿ ಕೊಡೋ ವ್ಯಾಯಾಮ ಮಾಡಿದ ಎರಡು ಗುಂಪಿಗೂ, ಬರೀ ಸ್ಟ್ರೆಚಿಂಗ್ ಮತ್ತೆ ನಡಿಗೆಯಂಥ ಏರೋಬಿಕ್ಸ್ ಮಾಡಿ ಅಂತ ಹೇಳಿಸಿಕೊಂಡ ಗುಂಪಿಗಿಂತ ನೋವು ತುಂಬಾ ಜಾಸ್ತಿ ಇಳಿದಿತ್ತು. "ನಮಗೆಲ್ಲಿ ಟೈಮ್ ಇದೆ" ಅನ್ನೋರಿಗೆ ಡೆನ್ಮಾರ್ಕಿನವರು 2011ರಲ್ಲಿ ಉತ್ತರ ಕೊಟ್ಟಿದಾರೆ. 198 ಜನ, ರಬ್ಬರ್ ಟ್ಯೂಬ್ ಹಿಡಿದು ಕೈ ಪಕ್ಕಕ್ಕೆ ಎತ್ತೋ ಒಂದೇ ವ್ಯಾಯಾಮ, ವಾರಕ್ಕೆ ಐದು ದಿನ, ಹತ್ತು ವಾರ. ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಬರೀ 2 ನಿಮಿಷ. ಏನೂ ಮಾಡದವರಿಗೆ ಹೋಲಿಸಿದ್ರೆ ಎರಡೂ ಗುಂಪಿಗೆ ನೋವು ಕಮ್ಮಿ ಆಯ್ತು, 2 ನಿಮಿಷದವರೂ ಹೆಚ್ಚೇನೂ ಹಿಂದೆ ಬೀಳಲಿಲ್ಲ. ಎರಡು ನಿಮಿಷ! ಹಾಲು ಉಕ್ಕೋದು ಕಾಯ್ತಾ ನಿಂತಿರ್ತೀವಲ್ಲ, ಅಷ್ಟು ಹೊತ್ತು.

ಮಾಡೋದು ಹೀಗೆ. ಮೆಡಿಕಲ್ ಸ್ಟೋರಲ್ಲೋ ಸ್ಪೋರ್ಟ್ಸ್ ಅಂಗಡೀಲೋ ಎಕ್ಸರ್ಸೈಜ್ ಬ್ಯಾಂಡ್ ಸಿಗತ್ತೆ, ಸಿಗದಿದ್ರೆ ಅರ್ಧ ಲೀಟರಿನ ಎರಡು ನೀರಿನ ಬಾಟ್ಲಿ ಸಾಕು ಶುರು ಮಾಡೋಕೆ. ಬ್ಯಾಂಡ್ ಆದ್ರೆ ಮಧ್ಯಭಾಗ ಕಾಲಡಿ ಹಾಕಿ ನಿಂತು, ತುದಿ ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಒಂಚೂರು ಮಡಿಸಿ, ಎರಡೂ ಕೈಗಳನ್ನ ಪಕ್ಕಕ್ಕೆ, ಅಂದ್ರೆ ಪೂರ್ತಿ ಪಕ್ಕಕ್ಕಲ್ಲ ಸ್ವಲ್ಪ ಮುಂದಕ್ಕೆ ಬರೋ ಹಾಗೆ, ಭುಜದ ಮಟ್ಟಕ್ಕೆ ನಿಧಾನ ಎತ್ತಿ, ಅದಕ್ಕಿಂತ ನಿಧಾನ ಇಳಿಸಿ. ಎತ್ತುವಾಗ ಭುಜ ಕಿವಿ ಹತ್ರ ಹೋಗ್ಬಾರದು, ಇದನ್ನ ಕನ್ನಡಿ ಮುಂದೆ ನೋಡ್ಕೊಳ್ಳಿ, ಎಲ್ರೂ ತಪ್ಪೋದು ಇಲ್ಲೇ. ಇನ್ನು ಎತ್ತೋಕಾಗಲ್ಲಪ್ಪ ಅನ್ನಿಸೋವರೆಗೂ ಮಾಡಿ, ಎರಡು ನಿಮಿಷದ ಒಳಗೆ ಆ ಹಂತ ಬರ್ಬೇಕು, ಬರ್ತಿಲ್ಲ ಅಂದ್ರೆ ಬಾಟ್ಲಿ ಒಂದು ಲೀಟರಿಂದು ಮಾಡ್ಕೊಳ್ಳಿ. ಇದಕ್ಕೆ ಇನ್ನೊಂದು ಸೇರಿಸಿ: ಬಟ್ಟೆ ಚೀಲಕ್ಕೆ ಎರಡು ಕೆಜಿ ಅಕ್ಕಿ ಹಾಕಿ, ಎಡಗೈ ಕುರ್ಚಿ ಮೇಲೂರಿ ಮುಂದಕ್ಕೆ ಬಗ್ಗಿ, ಬಲಗೈಲಿ ಚೀಲ ಸೊಂಟದ ಕಡೆ ಎಳೀರಿ, ಬಾವಿಯಿಂದ ನೀರು ಸೇದೋರ ಮೊಣಕೈ ಹಿಂದಕ್ಕೆ ಹೋಗತ್ತಲ್ಲ ಹಾಗೆ ಹೋಗ್ಬೇಕು, ಹತ್ತು ಸಲ, ಆಮೇಲೆ ಕೈ ಬದಲಾಯಿಸಿ. ಅದು ರೆಕ್ಕೆ ಮೂಳೆ ಒಳಗಿನ ಸ್ನಾಯುಗೆ. ಕೊನೇಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದ ಎತ್ತದೇ ಇಳಿಸದೇ ತಲೆ ಹಿಂಭಾಗ ಗೋಡೆಗೆ ತಾಗೋ ಹಾಗೆ ಹಿಂದಕ್ಕೆ ತಳ್ಳಿ, ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಕನ್ನಡೀಲಿ ಎರಡನೇ ಗದ್ದ ಬಂದ ಹಾಗೆ ಕಾಣತ್ತೆ, ಕಂಡ್ರೆ ಸರಿಯಾಗಿ ಮಾಡ್ತಿದೀರ ಅಂತ.

ಮಾಡುವಾಗ ನೋವಾಗಲ್ವಾ? ಆಗತ್ತೆ. ಹತ್ತಕ್ಕೆ ನಾಲ್ಕರಷ್ಟು ನೋವು ಬಂದ್ರೂ ಪರವಾಗಿಲ್ಲ, ಮಾರನೇ ಬೆಳಿಗ್ಗೆ ಹೊತ್ತಿಗೆ ಮಾಮೂಲಿ ಮಟ್ಟಕ್ಕೆ ಇಳಿದಿದ್ರೆ ಮುಂದುವರಿಸಿ. ಬೆಳಿಗ್ಗೇನೂ ಜಾಸ್ತಿ ಇದ್ರೆ ತೂಕ ಅರ್ಧ ಮಾಡಿ, ಬಿಡ್ಬೇಡಿ. ಆದ್ರೆ ನೋವು ಕೈಗೆ ಕರೆಂಟ್ ಹೊಡೆದ ಹಾಗೆ ಇಳಿದ್ರೆ ನಿಲ್ಲಿಸಿ, ತೋರಿಸಿ.

ಶಾಖ, ಎಣ್ಣೆ, ಮಸಾಜ್ ಇವೆಲ್ಲ? ಮಾಡಿ, ಖಂಡಿತ ಹಿತ ಕೊಡತ್ತೆ. ಹಾಟ್ ವಾಟರ್ ಬ್ಯಾಗ್ ಇಲ್ಲಾ ಕಲ್ಲುಪ್ಪು ಹುರಿದು ಬಟ್ಟೇಲಿ ಗಂಟು ಕಟ್ಟಿ 15 ನಿಮಿಷ ಶಾಖ, ಶುಗರ್ ಇದ್ದು ಸ್ಪರ್ಶ ಕಮ್ಮಿ ಇರೋರು ಮಾತ್ರ ಹುಷಾರು, ಸುಟ್ಟಿದ್ದು ಗೊತ್ತಾಗಲ್ಲ. ಮುರಿವೆಣ್ಣೆ, ಮಹಾನಾರಾಯಣ ತೈಲ ಯಾವುದಾದ್ರೂ ಸರಿ, ಎಣ್ಣೆಗಿಂತ ಉಜ್ಜೋ ಕೈ ಮುಖ್ಯ ಅಂತ ನನ್ನ ಅಭಿಪ್ರಾಯ, ಆಯುರ್ವೇದದವರು ಒಪ್ಪದೇ ಇರಬಹುದು. ಉಜ್ಜೋಕೆ ಯಾರೂ ಸಿಗದಿದ್ರೆ ಟೆನಿಸ್ ಬಾಲ್ ಒಂದನ್ನ ಗೋಡೆಗೂ ಬೆನ್ನಿಗೂ ಮಧ್ಯೆ ಇಟ್ಟು, ಆ ಗಂಟು ಇರೋ ಜಾಗಕ್ಕೆ ಒರಗಿ ಅರ್ಧ ನಿಮಿಷ ಒತ್ತಿ ನಿಲ್ಲಿ, ಬೆನ್ನುಮೂಳೆ ಮೇಲೆ ಮಾತ್ರ ಬೇಡ. ಇವೆಲ್ಲದರ ಆಯಸ್ಸು ಕೆಲವು ಗಂಟೆ, ಹೆಚ್ಚಂದ್ರೆ ಒಂದೆರಡು ದಿನ. ನೋವು ಇಳಿದಿರೋ ಆ ಹೊತ್ತಲ್ಲಿ ವ್ಯಾಯಾಮ ಮಾಡಿಬಿಟ್ರೆ ಲಾಭ, ಇಲ್ಲಾಂದ್ರೆ ಮತ್ತೆ ಮೆಷಿನ್ ಮುಂದೆ ಕೂತು ಅಲ್ಲಿಗಲ್ಲಿಗೆ ಸರಿ ಹೋಗತ್ತೆ. ಕ್ಲಿನಿಕ್ಕಲ್ಲಿ ಹತ್ತು ದಿನ ಕರೆಂಟ್ ಇಡೋದು, ಅಲ್ಟ್ರಾಸೌಂಡ್ ಮೆಷಿನ್ ಆಡಿಸೋದು ಕೂಡ ಇದೇ ಸಾಲಿಗೆ ಬರೋದು. ವ್ಯಾಯಾಮ ಏನೂ ಹೇಳಿಕೊಡದೇ ಬರೀ ಮೆಷಿನ್ ಇಟ್ಟು ಕಳಿಸ್ತಿದಾರೆ ಅಂದ್ರೆ ಕೇಳಿ, ಕೇಳೋ ಹಕ್ಕು ನಿಮಗಿದೆ. ಸೂಜಿ ಚುಚ್ಚೋ ಡ್ರೈ ನೀಡ್ಲಿಂಗ್‌ನಿಂದ ಕೆಲವರಿಗೆ ಚೆನ್ನಾಗಿ ಇಳಿಯತ್ತೆ, ಆದ್ರೆ ಭುಜದ ಆ ಭಾಗದ ಕೆಳಗೇ ಶ್ವಾಸಕೋಶ ಇರೋದ್ರಿಂದ ತರಬೇತಿ ಇರೋ ಕೈ ಮಾತ್ರ ಮುಟ್ಟಬೇಕು.

ಮಾತ್ರೆ ಬಗ್ಗೆ ಜಾಸ್ತಿ ಬರೆಯಲ್ಲ, ಅದು ನಿಮ್ಮ ಡಾಕ್ಟರ ಕೆಲಸ. ಹಚ್ಚೋ ಡೈಕ್ಲೋಫೆನಾಕ್ ಜೆಲ್ ನುಂಗೋ ನೋವಿನ ಮಾತ್ರೆಗಿಂತ ಹೊಟ್ಟೆಗೆ ಸುರಕ್ಷಿತ. ಬಿಪಿ, ಕಿಡ್ನಿ, ಗ್ಯಾಸ್ಟ್ರಿಕ್ ಅಲ್ಸರ್ ಇರೋರು ಅಂಗಡೀಲಿ ಕೇಳಿ ತಗೊಂಡು ನುಂಗಬೇಡಿ. ಬೆಲ್ಟ್? ತೆಗೆದು ಬೀರುವಲ್ಲಿಡಿ. ಏಟು ಬಿದ್ದವರಿಗೆ, ಆಪರೇಷನ್ ಆದವರಿಗೆ ಅದು ಬೇಕು, ನಿಮ್ಮಂಥ ನೋವಿಗೆ ವಾರಗಟ್ಟಲೆ ಹಾಕ್ಕೊಂಡ್ರೆ ಮೊದಲೇ ಸೋತಿರೋ ಸ್ನಾಯು ಇನ್ನೂ ಸೋಮಾರಿ ಆಗತ್ತೆ. ಒಂದೇ ಸಲ ಬಿಡೋಕೆ ಹೆದರಿಕೆ ಆದ್ರೆ ದಿನಾ ಒಂದೊಂದು ಗಂಟೆ ಕಮ್ಮಿ ಮಾಡ್ತಾ ಬನ್ನಿ.

ಒಂದನ್ನ ಮಾತ್ರ ಕೈ ಮುಗಿದು ಕೇಳ್ಕೋತೀನಿ, ಯಾರ ಕೈಲೂ ಕುತ್ತಿಗೆ ನೆಟಿಗೆ ತೆಗೆಸ್ಕೋಬೇಡಿ. ನಿಮ್ಮ ಮನೆ ಗಂಡಸರಿಗೂ ಹೇಳಿ, ಕಟಿಂಗ್ ಶಾಪಲ್ಲಿ ತಲೆ ಮಸಾಜ್ ಮಾಡಿ ಕೊನೇಲಿ ಗದ್ದ ಹಿಡಿದು ಲಟಕ್ ಅನ್ಸೋದಿದೆಯಲ್ಲ, ಅದು. ಕುತ್ತಿಗೆ ಮೂಳೆಗಳ ಒಳಗಿನ ತೂತಲ್ಲೇ ಮಿದುಳಿಗೆ ರಕ್ತ ಒಯ್ಯೋ ಎರಡು ನಾಳ ಹೋಗ್ತವೆ, ಝಟ್ಟನೆ ತಿರುಗಿಸಿದಾಗ ಅದರ ಒಳಪದರ ಹರಿದ್ರೆ ಸ್ಟ್ರೋಕ್ ಆಗತ್ತೆ. ಅಪರೂಪ, ಆದ್ರೆ ಆದವರಿಗೆ ಜೀವನ ಪೂರ್ತಿ ಕಷ್ಟ. ಉಳುಕು ತೆಗೆಯೋರ ಹತ್ರ ಹೋದ್ರೂ ಬರೀ ಎಣ್ಣೆ ಹಚ್ಚಿ ನೀವಿಸ್ಕೊಂಡು ಬನ್ನಿ, ತಿರುಚೋಕೆ ಬಿಡ್ಬೇಡಿ.

ಈಗ ಆ ಕೈ ಜೋಮು. ಯಾವ ಬೆರಳು ಅಂತ ನೀವು ಬರೆದಿಲ್ಲ, ಇವತ್ತು ರಾತ್ರಿ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿ ಎಚ್ಚರ ಆಗಿ, ಕೈ ಒದರಿದ್ರೆ ಸರಿ ಹೋಗತ್ತೆ ಅಂದ್ರೆ ಅದು ಬಹುಮಟ್ಟಿಗೆ ಕುತ್ತಿಗೇದಲ್ಲ, ಮಣಿಕಟ್ಟಿಂದು, ಕಾರ್ಪಲ್ ಟನಲ್ ಅಂತಾರೆ. ಕತ್ತರಿ ಹಿಡಿಯೋರಿಗೆ, ಕ್ರೋಶ ಮಾಡೋರಿಗೆ, ಅದರಲ್ಲೂ 40 ದಾಟಿದ ಹೆಂಗಸರಿಗೆ ಇದು ಬಹಳ ಸಾಮಾನ್ಯ. ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿಡೋ ಸ್ಪ್ಲಿಂಟ್ ಹಾಕ್ಕೊಂಡ್ರೆ ಬಹಳ ಜನಕ್ಕೆ ಕೆಲವೇ ವಾರದಲ್ಲಿ ಇಳಿಯತ್ತೆ. ಜೊತೆಗೆ ಶುಗರ್, ಥೈರಾಯ್ಡ್ ಎರಡೂ ಟೆಸ್ಟ್ ಮಾಡಿಸಿ, ಎರಡರಲ್ಲೂ ಕೈ ಜೋಮು ಬರತ್ತೆ, ಥೈರಾಯ್ಡ್ ಕಮ್ಮಿ ಇದ್ರೆ ಮೈಕೈ ನೋವೂ ಬರತ್ತೆ. ಕಿರುಬೆರಳು ಉಂಗುರದ ಬೆರಳು ಆದ್ರೆ ಮೊಣಕೈ ಮಡಿಸಿ ಮಲಗ್ತೀರಾ ನೋಡಿ, ಅಲ್ಲಿ ನರ ಒತ್ತಿಕೊಂಡಿರಬಹುದು. ಕುತ್ತಿಗೆ ಹಿಂದಕ್ಕೆ ಬಾಗಿಸಿದಾಗ ಭುಜದಿಂದ ಬೆರಳವರೆಗೂ ಎಳೆದ ಹಾಗೆ ನೋವು ಇಳಿದ್ರೆ ಆಗ ಕುತ್ತಿಗೆ ನರದ ಅನುಮಾನ. ಅದೂ ಕೂಡ ಬಹುತೇಕರಿಗೆ ಕೆಲವು ವಾರ ತಿಂಗಳಲ್ಲಿ ಆಪರೇಷನ್ ಇಲ್ದೇನೇ ಇಳಿಯತ್ತೆ. ಇನ್ನೊಂದು, ಬ್ಲೌಸ್ ಹುಕ್ ಹಿಂದೆ ಹಾಕ್ಕೊಳ್ಳೋಕೆ, ಜಡೆ ಹಾಕೋಕೆ ಕೈ ಹೋಗ್ತಾನೇ ಇಲ್ಲ ಅಂದ್ರೆ ಅದು ಭುಜದ ಕೀಲು ಬಿಗಿದಿರೋದು, ಶುಗರ್ ಇರೋರಲ್ಲಿ ಜಾಸ್ತಿ, ಅದರ ಟ್ರೀಟ್ಮೆಂಟೇ ಬೇರೆ.

ಕಾಯಬಾರದ ಲಕ್ಷಣಗಳೂ ಇವೆ. ಸೂಜಿ ಹಿಡಿಯೋಕೆ, ಗುಂಡಿ ಹಾಕೋಕೆ ಬೆರಳು ಮೊದಲಿನ ಹಾಗೆ ಕೇಳ್ತಿಲ್ಲ, ಕೈಯಿಂದ ವಸ್ತು ಜಾರ್ತಿದೆ, ನಡೆಯುವಾಗ ಕಾಲು ಬಿಗಿದು ಎಡವೋ ಹಾಗಾಗ್ತಿದೆ, ಮೂತ್ರ ತಡೆಯೋಕಾಗ್ತಿಲ್ಲ ಅಂದ್ರೆ ಬೆನ್ನುಹುರಿ ಒತ್ತಿರಬಹುದು, ವಾರ ಬಿಟ್ಟು ನೋಡೋಣ ಅನ್ನಬೇಡಿ, ಆಪರೇಷನ್ ನಿಜವಾಗಿ ಉಪಯೋಗಕ್ಕೆ ಬರೋದು ಇಂಥವರಿಗೇ. ಕೈ ಬಲ ದಿನದಿಂದ ದಿನಕ್ಕೆ ಕಮ್ಮಿ ಆಗ್ತಿದ್ರೂ ಅಷ್ಟೇ. ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡ್ರೆ, ಬಿದ್ದು ಏಟಾದ ಮೇಲೆ ನೋವು ಶುರುವಾಗಿದ್ರೆ, ತೂಕ ಇಳಿತಾ ರಾತ್ರಿ ಹೊತ್ತು ನೋವು ಜಾಸ್ತಿ ಆಗ್ತಿದ್ರೆ, ಹಿಂದೆ ಕ್ಯಾನ್ಸರೋ ಟಿಬಿನೋ ಬಂದಿದ್ರೆ ತಕ್ಷಣ ತೋರಿಸಿ. ಭುಜ, ಎಡಗೈ, ದವಡೆ ನೋವಿನ ಜೊತೆ ಬೆವರು, ಉಸಿರು ಕಟ್ಟೋದು, ಎದೆ ಭಾರ ಇದ್ರೆ ಶಾಖ ಕೊಡ್ತಾ ಕೂರ್ಬೇಡಿ, ಹಾರ್ಟ್ ಇರಬಹುದು, 108ಕ್ಕೆ ಫೋನ್ ಮಾಡಿ.

ದಿಂಬು ಯಾವುದು ಅಂತ ಮುಂದಿನ ಮೆಸೇಜಲ್ಲಿ ಕೇಳ್ತೀರ ಅಂತ ಗೊತ್ತು. ಮಗ್ಗುಲಾಗಿ ಮಲಗಿದಾಗ ತಲೆ ಮೇಲಕ್ಕೂ ಹೋಗದೇ ಕೆಳಕ್ಕೂ ಬಾಗದೇ ಇದ್ರೆ ಯಾವುದಾದ್ರೂ ಸರಿ, ಆರ್ಥೋಪೆಡಿಕ್ ಅಂತ ಬರೆದಿರೋದಕ್ಕೆ ಸಾವಿರಾರು ಸುರೀಬೇಡಿ.

ಎಷ್ಟು ದಿನಕ್ಕೆ ಗುಣ ಅಂದ್ರೆ, ಒಂದೂವರೆ ವರ್ಷದ ನೋವು ಹದಿನೈದು ದಿನಕ್ಕೆ ಹೋಗಲ್ಲ. ಕನ್ನಡಕ, ದಿಂಬು, ಕೂರೋ ಜಾಗ ಸರಿ ಮಾಡಿದ್ದರ ಪರಿಣಾಮ ಎರಡು ಮೂರು ವಾರದಲ್ಲಿ ಸಾಯಂಕಾಲದ ತಲೆನೋವಲ್ಲಿ ಗೊತ್ತಾಗ್ಬೇಕು. ವ್ಯಾಯಾಮದ್ದು ಎಂಟು ಹತ್ತು ವಾರ. ಮಧ್ಯೆ ಗೌರಿ ಹಬ್ಬ, ಮದುವೆ ಸೀಸನ್ ಬಂದು ರಾತ್ರಿ ಹನ್ನೊಂದರವರೆಗೂ ಹೊಲಿಯೋ ಪರಿಸ್ಥಿತಿ ಬಂದ್ರೆ ನೋವು ಕೆದರತ್ತೆ, ಅದು ಮೊದಲಿನ ಜಾಗಕ್ಕೆ ವಾಪಸ್ ಹೋದ ಹಾಗಲ್ಲ, ಆ ಹದಿನೈದು ದಿನ ತೂಕ ಕಮ್ಮಿ ಮಾಡಿ ಎರಡೇ ನಿಮಿಷ ಮಾಡಿ, ಕುಚ್ಚಿನ ಆರ್ಡರ್ ಯಾರಿಗಾದ್ರೂ ಹಂಚಿ. ಹತ್ತು ವಾರಕ್ಕೂ ಏನೂ ಬದಲಾಗದಿದ್ರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ. ಹೋಗೋಕೆ ಮೊದಲು ನೀವು ಮೆಷಿನ್ ಮುಂದೆ ಕೂತಿರೋದು, ಕುಚ್ಚು ಕಟ್ತಿರೋದು ಎರಡನ್ನೂ ಪಕ್ಕದಿಂದ ಯಾರ ಕೈಲಾದ್ರೂ ಫೋಟೋ ತೆಗೆಸ್ಕೊಂಡು ಹೋಗಿ ತೋರಿಸಿ, ತೆಗೆಯೋವಾಗ ನಿಮಗೆ ಹೇಳೋದು ಬೇಡ ಅಂತ ಅವರಿಗೆ ಮೊದಲೇ ಹೇಳಿಡಿ, ಗೊತ್ತಾದ್ರೆ ನೀವು ನೆಟ್ಟಗೆ ಕೂತುಬಿಡ್ತೀರ, ಕೆಲಸದ ಮಧ್ಯೆ ನಿಮಗೆ ಗೊತ್ತಾಗದ ಹಾಗೆ ತೆಗೆದಿದ್ದೇ ಬೇಕು.